ಗ್ರಹ ಅನ್ನೋಕೆ ಮುಂಚೆ

ಕೋರಮಂಗಲದಲ್ಲಿ ದಿನಾ ಓಡಾಡುವ ಬಹಳಷ್ಟು ಜನರಿಗೆ ಎರಡನೇ ಬ್ಲಾಕಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಅಂದರೆ ಒಂದು ಕಾಂಪೌಂಡು ಮತ್ತು ಒಂದು ಬೋರ್ಡು, ಅಷ್ಟೇ. ಆದರೆ ಆ ಸಂಸ್ಥೆಯ ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ ಮೊದಲು ಕೊಡೈಕೆನಾಲ್ ಸಿಗುತ್ತೆ. ಅಲ್ಲಿಂದ ಇನ್ನೂ ಹಿಂದಕ್ಕೆ ಹೋದರೆ ಮದ್ರಾಸಿನ ನುಂಗಂಬಾಕ್ಕಂನಲ್ಲಿ ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಕಟ್ಟಿಸಿದ ವೀಕ್ಷಣಾಲಯ. ಬೇರೆ ನಕ್ಷತ್ರಕ್ಕೂ ಗ್ರಹ ಇದೆ ಅಂತ, ಬರೀ ಊಹೆಯಿಂದಲ್ಲ, ಟೆಲಿಸ್ಕೋಪಿನ ಅಳತೆಗಳನ್ನು ಮುಂದಿಟ್ಟುಕೊಂಡು ಹೇಳಿದ ಮೊದಮೊದಲ ಮಾತುಗಳಲ್ಲಿ ಒಂದು ಹೊರಟಿದ್ದು ಅಲ್ಲಿಂದ. ವರ್ಷ 1855.

ಹೇಳಿದವನು ಕ್ಯಾಪ್ಟನ್ ವಿಲಿಯಂ ಸ್ಟೀಫನ್ ಜೇಕಬ್. ಮೂಲತಃ ಕಂಪನಿಯ ಸೇನೆಯ ಎಂಜಿನಿಯರ್, ಆಗ ಮದ್ರಾಸ್ ವೀಕ್ಷಣಾಲಯದ ಮುಖ್ಯಸ್ಥ. ಉರಗಧರ ನಕ್ಷತ್ರಪುಂಜದಲ್ಲಿ 70 ಒಫಿಯೂಕಿ ಅಂತ ಒಂದು ಜೋಡಿ ನಕ್ಷತ್ರ ಇದೆ. ಒಂದನ್ನೊಂದು ಸುತ್ತೋಕೆ ಅವಕ್ಕೆ ಸುಮಾರು 88 ವರ್ಷ ಬೇಕು. ಜೇಕಬ್ ಅಳೆದ ಸ್ಥಾನಗಳು ಲೆಕ್ಕದ ಕಕ್ಷೆಗೆ ಸರಿಯಾಗಿ ಕೂರಲಿಲ್ಲ. ಕಣ್ಣಿಗೆ ಕಾಣದ, ಗ್ರಹದಂಥ ಇನ್ನೊಂದು ಕಾಯ ಅಲ್ಲಿ ಎಳೆದಾಡ್ತಿರುವ ಸಂಭವ ತುಂಬಾ ಇದೆ ಅಂತ ಅವನು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಗೆ ಬರೆದ. ನಗುವ ಮಾತಲ್ಲ ಇದು. ಯುರೇನಸ್ ದಾರಿ ತಪ್ಪಿ ಓಡುತ್ತಿದೆ ಅನ್ನೋ ಇದೇ ಬಗೆಯ ತರ್ಕ ಹಿಡಿದು ನೆಪ್ಚೂನ್ ಸಿಕ್ಕಿ ಆಗಿನ್ನೂ ಒಂಬತ್ತೇ ವರ್ಷ ಆಗಿತ್ತು.

ನಲವತ್ತು ವರ್ಷ ಬಿಟ್ಟು ಅಮೆರಿಕದ ಟಿ. ಜೆ. ಜೆ. ಸೀ ಎಂಬಾತ ಅದೇ ನಕ್ಷತ್ರದ ಬಗ್ಗೆ ಇನ್ನೂ ಜೋರಾಗಿ ಹೇಳಿದ: ಅಲ್ಲಿ 36 ವರ್ಷಕ್ಕೊಮ್ಮೆ ಸುತ್ತುವ ಕಪ್ಪು ಸಂಗಾತಿ ಇದೆ ಅಂತ. 1899ರಲ್ಲಿ ಫಾರೆಸ್ಟ್ ಮೌಲ್ಟನ್ ಕೂತು ಲೆಕ್ಕ ಹಾಕಿ, ಅಂಥ ಮೂರು ಕಾಯಗಳ ಸಂಸಾರ ಬಹಳ ಕಾಲ ನಿಲ್ಲೋದೇ ಇಲ್ಲ, ಚೆದುರಿ ಹೋಗುತ್ತೆ ಅಂತ ತೋರಿಸಿದ. ಸೀಗೆ ಎಷ್ಟು ಸಿಟ್ಟು ಬಂತೆಂದರೆ, ಆಸ್ಟ್ರನಾಮಿಕಲ್ ಜರ್ನಲ್‌ಗೆ ಅವನು ಬರೆದ ಪತ್ರವನ್ನು ಸಂಪಾದಕರು ಪೂರ್ತಿ ಅಚ್ಚು ಹಾಕಲೇ ಇಲ್ಲ. ಮುಂದೆ ಆ ಪತ್ರಿಕೆಯ ಬಾಗಿಲೇ ಅವನಿಗೆ ಮುಚ್ಚಿತು. ಜೇಕಬ್ ಇದನ್ನೆಲ್ಲ ನೋಡಲಿಲ್ಲ, 1862ರಲ್ಲೇ ಪುಣೆಯಲ್ಲಿ ತೀರಿಕೊಂಡಿದ್ದ. 70 ಒಫಿಯೂಕಿಯ ಸುತ್ತ ದೃಢಪಟ್ಟ ಗ್ರಹ ಇವತ್ತಿಗೂ ಒಂದೂ ಇಲ್ಲ.

ಹೊರಗ್ರಹಗಳ ಕಥೆ, ಅಂದರೆ ಸೂರ್ಯನನ್ನು ಬಿಟ್ಟು ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳ ಕಥೆ, ನಾವು ಓದುವ ಹೊತ್ತಿಗೆ ಸಾಮಾನ್ಯವಾಗಿ 1995ರಿಂದ ಶುರುವಾಗಿರುತ್ತೆ. ಅದಕ್ಕೂ ಮುಂಚಿನ 140 ವರ್ಷಗಳನ್ನು ಒಂದು ಪ್ಯಾರಾದಲ್ಲಿ ದಾಟಿಸಿಬಿಡ್ತಾರೆ. ನನಗೆ ಆ ಭಾಗವೇ ಹೆಚ್ಚು ಇಷ್ಟ. ಯಾಕಂದರೆ ಇವತ್ತು ಬಾಹ್ಯಾಕಾಶದ ಟೆಲಿಸ್ಕೋಪೊಂದು "ಇಲ್ಲೊಂದು ಗ್ರಹ ಇರಬಹುದು" ಅಂತ ಹೆಸರು ಕಳಿಸಿದಾಗ, ನೆಲದ ಮೇಲಿನ ಟೆಲಿಸ್ಕೋಪುಗಳು ಮಾಡುವ ಒಂದೊಂದು ತಪಾಸಣೆಯ ಹಿಂದೆಯೂ ಯಾರೋ ಒಬ್ಬರು ಬಿದ್ದ ಗುಂಡಿ ಇದೆ. ಆಫೀಸಿನಲ್ಲಿ ಡಿಪ್ಲಾಯ್‌ಮೆಂಟ್ ಚೆಕ್‌ಲಿಸ್ಟ್ ನೋಡಿದವರಿಗೆ ಇದು ಗೊತ್ತಿರುತ್ತೆ. ಅದರಲ್ಲಿ ವಿಚಿತ್ರವಾಗಿ ಕಾಣುವ ಏಳನೇ ಸಾಲು ಯಾಕಿದೆ ಅಂತ ಕೇಳಿದರೆ, ಹಳಬರೊಬ್ಬರು ನಿಟ್ಟುಸಿರು ಬಿಟ್ಟು ಒಂದು ಕಥೆ ಹೇಳ್ತಾರಲ್ಲ, ಹಾಗೆ.

ಆ ಗುಂಡಿಗಳಲ್ಲಿ ದೊಡ್ಡದು ಪೀಟರ್ ವಾನ್ ಡೆ ಕಾಂಪ್ ಅವರದು.

ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು. ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜಿನ ಸ್ಪ್ರೌಲ್ ವೀಕ್ಷಣಾಲಯವನ್ನು 1937ರಿಂದ ಮೂವತ್ತೈದು ವರ್ಷ ನಡೆಸಿದರು. ಪಿಯಾನೋ ಚೆನ್ನಾಗಿ ನುಡಿಸ್ತಿದ್ದರು. ಕಾಲೇಜಿನಲ್ಲಿ ಚಾಪ್ಲಿನ್ ಮೂಕಿ ಚಿತ್ರ ಹಾಕಿದರೆ ಪಕ್ಕದಲ್ಲಿ ಕೂತು ಹಿನ್ನೆಲೆ ಸಂಗೀತ ಕೊಡ್ತಿದ್ದದ್ದು ಇವರೇ. 1938ರಲ್ಲಿ ಅವರು ಬರ್ನಾರ್ಡ್ ನಕ್ಷತ್ರದ ಫೋಟೋ ತೆಗೆಯಲು ಶುರು ಮಾಡಿದರು. ನಮ್ಮಿಂದ ಬರೀ ಆರು ಜ್ಯೋತಿರ್ವರ್ಷ ದೂರದ, ಮಂಕಾದ ಕೆಂಪು ನಕ್ಷತ್ರ. ಆಕಾಶದಲ್ಲಿ ಎಲ್ಲಕ್ಕಿಂತ ವೇಗವಾಗಿ ಜಾಗ ಬದಲಿಸೋದು ಇದೇ. ವೇಗ ಅಂದರೂ ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿಯೋಕೆ 180 ವರ್ಷ ಬೇಕು. ಅದು ನೇರ ಗೆರೆಯಲ್ಲಿ ಸರಿದರೆ ಒಂಟಿ. ಹಾವಿನ ಹಾಗೆ ಸ್ವಲ್ಪ ಓಲಾಡುತ್ತಾ ಸರಿದರೆ ಪಕ್ಕದಲ್ಲಿ ಎಳೆಯೋರು ಯಾರೋ ಇದ್ದಾರೆ ಅಂತ ಅರ್ಥ.

ಇಪ್ಪತ್ತೈದು ವರ್ಷ, ಎರಡು ಸಾವಿರಕ್ಕೂ ಹೆಚ್ಚು ಗಾಜಿನ ಫೋಟೋ ಪ್ಲೇಟುಗಳು. 1963ರಲ್ಲಿ ವಾನ್ ಡೆ ಕಾಂಪ್ ಘೋಷಿಸಿದರು: ಓಲಾಟ ಇದೆ. ಗುರುಗ್ರಹದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ತೂಕದ ಗ್ರಹ, 24 ವರ್ಷಕ್ಕೊಂದು ಸುತ್ತು. ಮುಂದೆ ಒಂದಲ್ಲ, ಎರಡು ಅಂದರು. ಪಠ್ಯಪುಸ್ತಕಗಳಿಗೆ ಇದು ಸೇರಿಕೊಂಡಿತು. ಎಪ್ಪತ್ತರ ದಶಕದಲ್ಲಿ ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿಯವರು ನಕ್ಷತ್ರಯಾನಕ್ಕೆ ಡೀಡಲಸ್ ಅಂತ ಒಂದು ಕಾಗದದ ನೌಕೆ ವಿನ್ಯಾಸ ಮಾಡಿದಾಗ, ಕಳಿಸೋಕೆ ಆರಿಸಿದ ಊರು ಬರ್ನಾರ್ಡ್ ನಕ್ಷತ್ರವೇ.

ಆದರೆ ಆ ಓಲಾಟ ಎಷ್ಟಿತ್ತು ಗೊತ್ತಾ? ಪ್ಲೇಟಿನ ಮೇಲೆ ಹೆಚ್ಚುಕಡಿಮೆ ಒಂದು ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ.

1973ರಲ್ಲಿ ಎರಡು ಏಟು ಒಟ್ಟಿಗೆ ಬಿತ್ತು. ಜಾರ್ಜ್ ಗೇಟ್‌ವುಡ್ ಮತ್ತು ಹೈನ್ರಿಕ್ ಐಕ್‌ಹಾರ್ನ್ ಬೇರೆ ವೀಕ್ಷಣಾಲಯಗಳ ಪ್ಲೇಟುಗಳನ್ನು ತೆಗೆದುಕೊಂಡು ಅದೇ ನಕ್ಷತ್ರವನ್ನು ಅಳೆದರು. ಓಲಾಟ ಇರಲಿಲ್ಲ. ಇನ್ನೊಂದು ಏಟು ಮನೆಯೊಳಗಿನಿಂದಲೇ ಬಂತು. ಸ್ಪ್ರೌಲ್‌ನ ಜಾನ್ ಹರ್ಷಿ ಅದೇ ಟೆಲಿಸ್ಕೋಪಿನ ಹಳೇ ಪ್ಲೇಟುಗಳಲ್ಲಿ ಇನ್ನೊಂದು ನಕ್ಷತ್ರವನ್ನು ಅಳೆದು ನೋಡಿದರೆ ಅದೂ ಅದೇ ಥರ ಕುಣಿದಿದೆ! 1949ರಲ್ಲೊಮ್ಮೆ, 1957ರಲ್ಲೊಮ್ಮೆ ಜಿಗಿದಿದೆ. 1949ರಲ್ಲಿ ಏನಾಗಿತ್ತು ಅಂದರೆ, ಟೆಲಿಸ್ಕೋಪಿನ ಮಸೂರ ಕೂರಿಸಿದ್ದ ಲೋಹದ ಚೌಕಟ್ಟನ್ನು ಬದಲಾಯಿಸಿದ್ದರು. 1957ರಲ್ಲಿ ಮಸೂರವನ್ನು ಮತ್ತೆ ಸರಿಹೊಂದಿಸಿದ್ದರು. ಇಪ್ಪತ್ತೈದು ವರ್ಷ ಅವರು ಭಕ್ತಿಯಿಂದ ಅಳೆದದ್ದರಲ್ಲಿ ತಮ್ಮ ಟೆಲಿಸ್ಕೋಪಿನ ರಿಪೇರಿ ಚರಿತ್ರೆಯೂ ಸೇರಿಕೊಂಡಿತ್ತು.

ವಾನ್ ಡೆ ಕಾಂಪ್ ಒಪ್ಪಲಿಲ್ಲ. ಕೊನೆಯವರೆಗೂ ಒಪ್ಪಲಿಲ್ಲ. ಅವರ ಬಗ್ಗೆ ಬರೆಯುವವರು ಇಲ್ಲಿ ತುಸು ವ್ಯಂಗ್ಯ ಮಾಡ್ತಾರೆ, ನನಗೆ ಅದು ಆಗಲ್ಲ. ಒಂದೇ ಉಪಕರಣ, ಒಂದೇ ತಂಡ, ಒಂದೇ ಮನುಷ್ಯನ ಆಸೆ, ಇಷ್ಟರ ಮೇಲೆ ಗ್ರಹವೊಂದನ್ನು ನಿಲ್ಲಿಸೋಕೆ ಆಗಲ್ಲ ಅನ್ನೋದು ಇವತ್ತು ಎಲ್ಲರಿಗೂ ಗೊತ್ತು. ಅದು ಗೊತ್ತಾಗಿದ್ದು ಅವರಿಂದ. 1995ರ ಮೇ ತಿಂಗಳಲ್ಲಿ, 93ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಐದು ತಿಂಗಳು ಕಾದಿದ್ದರೆ 51 ಪೆಗಾಸಿಯ ಸುದ್ದಿ ಕೇಳ್ತಿದ್ದರು.

ಆ ಸುದ್ದಿಗೆ ಹೋಗೋಕೆ ಮುಂಚೆ ಇನ್ನೊಬ್ಬರ ಕಥೆ ಹೇಳಲೇಬೇಕು. ಅವರು ತಪ್ಪನ್ನು ಬೇರೆ ಥರ ಎದುರಿಸಿದವರು.

1991ರ ಜುಲೈನಲ್ಲಿ ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕ್ ರೇಡಿಯೋ ವೀಕ್ಷಣಾಲಯದ ಆಂಡ್ರ್ಯೂ ಲೈನ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಒಂದು ಪಲ್ಸಾರ್‌ಗೆ ಗ್ರಹ ಇದೆ ಅಂತ ಪ್ರಕಟಿಸಿದರು. ಪಲ್ಸಾರ್ ಅಂದರೆ ಸತ್ತ ನಕ್ಷತ್ರದ ಉಳಿಕೆ, ಲೈಟ್‌ಹೌಸಿನ ಹಾಗೆ ತಿರುಗುತ್ತಾ ಗಡಿಯಾರದಂತೆ ಮಿಡಿಯುತ್ತೆ. ಮಿಡಿತ ಒಮ್ಮೆ ಬೇಗ, ಒಮ್ಮೆ ತಡವಾಗಿ ಬಂದರೆ ಪಲ್ಸಾರ್ ಹಿಂದೆಮುಂದೆ ಓಲಾಡುತ್ತಿದೆ ಎಂದರ್ಥ. ಲೈನ್ ಕಂಡ ಓಲಾಟದ ಅವಧಿ ಆರು ತಿಂಗಳು. ಸಂಖ್ಯೆ ನೋಡಿದ ತಕ್ಷಣ ಕೆಲವರ ಹುಬ್ಬು ಮೇಲೇರಿತು. ಆರು ತಿಂಗಳು ಅಂದರೆ ಭೂಮಿಯ ವರ್ಷದ ಸರಿ ಅರ್ಧ. ಕಾಕತಾಳೀಯವಾ?

ಆಗಿರಲಿಲ್ಲ. ನಾವು ಸೂರ್ಯನನ್ನು ಸುತ್ತುತ್ತಾ ಆಕಾಶ ನೋಡ್ತೀವಲ್ಲ, ಆ ನಮ್ಮ ಓಟವನ್ನು ಲೆಕ್ಕದಿಂದ ಕಳೆಯಬೇಕು. ಪಲ್ಸಾರಿನ ಸ್ಥಾನವನ್ನು ತುಸು ತಪ್ಪಾಗಿ ಇಟ್ಟುಕೊಂಡಿದ್ದರು, ಜೊತೆಗೆ ಭೂಮಿಯ ಕಕ್ಷೆ ಪೂರ್ತಿ ವೃತ್ತವಲ್ಲ ಅನ್ನೋದು ಒಂದು ಹಂತದಲ್ಲಿ ಬಿಟ್ಟುಹೋಗಿತ್ತು. ಗ್ರಹ ಅಂತ ಕಂಡದ್ದು ಭೂಮಿಯೇ! 1992ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ಅಮೆರಿಕನ್ ಆಸ್ಟ್ರನಾಮಿಕಲ್ ಸೊಸೈಟಿಯ ಸಭೆ. ಲೈನ್ ತಮ್ಮ ಗ್ರಹದ ಬಗ್ಗೆ ಮಾತಾಡೋಕೆ ಅಂತಲೇ ಆಹ್ವಾನಿತರು. ತಪ್ಪು ಅವರಿಗೆ ಗೊತ್ತಾಗಿದ್ದು ಸಭೆಗೆ ಸ್ವಲ್ಪ ಮುಂಚೆ. ವೇದಿಕೆ ಹತ್ತಿ, ಗ್ರಹ ಇಲ್ಲ, ನಾವು ತಪ್ಪು ಮಾಡಿದೆವು ಅಂತ ಏನಾಯಿತು ಅನ್ನೋದನ್ನು ವಿವರಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಅವರ ನಂತರ ಮಾತಾಡಬೇಕಿದ್ದವರು ಅಲೆಕ್ಸಾಂಡರ್ ವೋಲ್ಷಾನ್. ಅವರ ಕೈಯಲ್ಲಿದ್ದದ್ದೂ ಒಂದು ಪಲ್ಸಾರ್, ಒಂದಲ್ಲ, ಎರಡು ಗ್ರಹ. ಅಂಥ ಚಪ್ಪಾಳೆಯ ಮೇಲೆ ಮೈಕ್ ಹಿಡಿದು "ನಮ್ಮದು ನಿಜ" ಅನ್ನೋದು ಎಷ್ಟು ಕಷ್ಟ ಇದ್ದಿರಬೇಕು! ಪೋರ್ಟೊ ರಿಕೋದ ಅರೆಸಿಬೋ ರೇಡಿಯೋ ಟೆಲಿಸ್ಕೋಪ್ 1990ರಲ್ಲಿ ರಿಪೇರಿಯಲ್ಲಿದ್ದು ತಿರುಗಿಸೋಕೆ ಆಗದೆ ಇದ್ದ ಕಾಲದಲ್ಲಿ, ಖಾಲಿ ಬಿದ್ದಿದ್ದ ಅದರ ಸಮಯವನ್ನು ಕೇಳಿ ಪಡೆದು ಅವರು ಆ ಪಲ್ಸಾರನ್ನು ಕಂಡುಹಿಡಿದಿದ್ದರು. ಆದರೆ ಲೈನ್ ಬಿದ್ದ ಗುಂಡಿಗೆ ಅವರು ಬೀಳಲಿಲ್ಲ. ಡೇಲ್ ಫ್ರೇಲ್ ಎಂಬುವರು ಬೇರೊಂದು ಕಡೆಯಿಂದ, ನ್ಯೂ ಮೆಕ್ಸಿಕೋದ ವೆರಿ ಲಾರ್ಜ್ ಅರೇ ಆಂಟೆನಾಗಳಿಂದ, ಅದೇ ಪಲ್ಸಾರಿನ ಸ್ಥಾನವನ್ನು ಸ್ವತಂತ್ರವಾಗಿ, ನಿಖರವಾಗಿ ಅಳೆದುಕೊಟ್ಟಿದ್ದರು. ಓಲಾಟ ಆಮೇಲೂ ಉಳಿದಿತ್ತು. 66 ಮತ್ತು 98 ದಿನ. ಭೂಮಿಯ ವರ್ಷಕ್ಕೂ ಅವಕ್ಕೂ ನಂಟಿಲ್ಲ. ಎರಡೂ ಗ್ರಹ ಒಂದನ್ನೊಂದು ಎಳೆದು ಉಂಟುಮಾಡುವ ಸಣ್ಣ ವ್ಯತ್ಯಾಸವೂ 1994ರಲ್ಲಿ ಸಿಕ್ಕಿದ ಮೇಲೆ ಅನುಮಾನ ಉಳಿಯಲಿಲ್ಲ.

ಅತಿ ಎಚ್ಚರಕ್ಕೂ ಬೆಲೆ ತೆತ್ತವರಿದ್ದಾರೆ. ಕೆನಡಾದ ಬ್ರೂಸ್ ಕ್ಯಾಂಪ್‌ಬೆಲ್, ಗಾರ್ಡನ್ ವಾಕರ್ ಮತ್ತು ಸ್ಟೀಫನ್‌ಸನ್ ಯಾಂಗ್ 1988ರಲ್ಲೇ ಗಾಮಾ ಸೆಫೈ ನಕ್ಷತ್ರದಲ್ಲಿ ಗ್ರಹದ ಸುಳಿವು ಕಂಡಿದ್ದರು. 1992ರಲ್ಲಿ, ಅದು ನಕ್ಷತ್ರ ತಾನೇ ತಿರುಗುವುದರ ಪರಿಣಾಮ ಇರಬಹುದು ಅಂತ ಹಿಂದೆ ಸರಿದರು. 2003ರಲ್ಲಿ ಬೇರೆಯವರು ಇನ್ನಷ್ಟು ವರ್ಷಗಳ ಅಳತೆ ಸೇರಿಸಿ ನೋಡಿದಾಗ ಗ್ರಹ ಇತ್ತು. ನೊಬೆಲ್ ಅಷ್ಟು ಹೊತ್ತಿಗೆ ಬೇರೆ ದಾರಿ ಹಿಡಿದಾಗಿತ್ತು.

1995ರ ಅಕ್ಟೋಬರ್ ಕಥೆ ನಿಮಗೆ ಗೊತ್ತಿರುತ್ತೆ, ಬೇಗ ಮುಗಿಸ್ತೀನಿ. ಮಿಷೆಲ್ ಮೇಯರ್, ಡಿಡಿಯರ್ ಕ್ವೆಲೋ. ಫ್ರಾನ್ಸಿನ ಓಟ್ ಪ್ರೋವಾನ್ಸ್‌ನ 1.93 ಮೀಟರ್ ಟೆಲಿಸ್ಕೋಪ್. 51 ಪೆಗಾಸಿಗೆ 4.2 ದಿನಕ್ಕೊಮ್ಮೆ ಸುತ್ತುವ, ಗುರುವಿನಂಥ ಗ್ರಹ. ಗ್ರಹ ಸುತ್ತಿದಂತೆ ನಕ್ಷತ್ರವೂ ನಮ್ಮ ಕಡೆ ಒಮ್ಮೆ, ಆಚೆ ಒಮ್ಮೆ ಸರಿಯುತ್ತೆ. ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರೆ ಕಪ್ಪು ಗೆರೆಗಳು ನೀಲಿಯ ಕಡೆಗೆ, ಕೆಂಪಿನ ಕಡೆಗೆ ತುಸುವೇ ಜರುಗುತ್ತವೆ. ಆ ಜರುಗುವಿಕೆಯಿಂದ ವೇಗ ಸಿಗುತ್ತೆ. ಗುರುಗ್ರಹ ನಮ್ಮ ಸೂರ್ಯನನ್ನು ಅಲ್ಲಾಡಿಸುವ ವೇಗ ಸೆಕೆಂಡಿಗೆ 12.5 ಮೀಟರ್, ಅಂದರೆ ಖಾಲಿ ರಸ್ತೆಯಲ್ಲಿ ಸ್ಕೂಟರ್ ಓಡುವ ಗಂಟೆಗೆ 45 ಕಿಲೋಮೀಟರ್. ಭೂಮಿ ಅಲ್ಲಾಡಿಸೋದು ಸೆಕೆಂಡಿಗೆ 9 ಸೆಂಟಿಮೀಟರ್, ಅಂಬೆಗಾಲಿಡುವ ಮಗುವಿಗಿಂತ ನಿಧಾನ. ಇದನ್ನು ಎಷ್ಟೋ ಜ್ಯೋತಿರ್ವರ್ಷ ದೂರದಿಂದ ಅಳೀಬೇಕು.

ಅಮೆರಿಕದ ಜೆಫ್ ಮಾರ್ಸಿ ಮತ್ತು ಪಾಲ್ ಬಟ್ಲರ್ ಸುದ್ದಿ ಕೇಳಿ ಕೆಲವೇ ದಿನಗಳಲ್ಲಿ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಿಂದ ಅದೇ ನಕ್ಷತ್ರ ನೋಡಿ, ಹೌದು ಅಂದರು. ಆದರೂ ಜಗಳ ಮುಗಿಯಲಿಲ್ಲ. 1997ರಲ್ಲಿ ಡೇವಿಡ್ ಗ್ರೇ ಎಂಬ ಕೆನಡಾದ ಖಗೋಳಜ್ಞರು, ಆ ಗೆರೆಗಳು ಜರುಗೋದರ ಜೊತೆ ಆಕಾರವನ್ನೂ ಬದಲಿಸ್ತಿವೆ, ಇದು ಗ್ರಹವಲ್ಲ, ನಕ್ಷತ್ರವೇ ಮಿಡಿಯುತ್ತಿದೆ ಅಂತ ಬರೆದರು. ಇನ್ನೂ ಒಳ್ಳೆಯ ಅಳತೆ ಬಂದ ಮೇಲೆ 1998ರಲ್ಲಿ ತಾವೇ ಹಿಂತೆಗೆದುಕೊಂಡರು. ಗ್ರೇ ಸೋತರು ಅನ್ನಬಹುದು. ಆದರೆ ಅಂದಿನಿಂದ ಇಂದಿನವರೆಗೆ, ಗೆರೆಯ ಆಕಾರ ಸರಿಯಿದೆಯಾ ಅಂತ ನೋಡದೆ ಯಾರೂ ಗ್ರಹ ಅನ್ನಲ್ಲ.

ಇಷ್ಟು ಹೊತ್ತಿಗೆ ಗ್ರಹಗಳೆಲ್ಲ ಓಲಾಟದ ಮೂಲಕವೇ ಸಿಕ್ಕಿದ್ದವು. 1999ರಲ್ಲಿ ಎರಡನೇ ಸಾಕ್ಷಿ ಬಂತು. 2012ರ ಜೂನ್ 6ರ ಬೆಳಗ್ಗೆ ಸೌರ ಕನ್ನಡಕ ಹಾಕಿಕೊಂಡು ಶುಕ್ರ ಸಂಕ್ರಮಣ ನೋಡಿದ್ದು ನೆನಪಿದೆಯಾ? ಸೂರ್ಯನ ಮೇಲೆ ಒಂದು ಕಪ್ಪು ಚುಕ್ಕೆ ಸರಿದಿತ್ತು. ಆಗ ಸೂರ್ಯನ ಬೆಳಕು ಸಾವಿರದಲ್ಲಿ ಒಂದು ಭಾಗದಷ್ಟು ಕಡಿಮೆಯಾಗಿತ್ತು. ದೂರದ ನಕ್ಷತ್ರದ ಮುಂದೆ ಅದರ ಗ್ರಹ ಹಾದುಹೋದರೂ ಹೀಗೇ ಬೆಳಕು ತಗ್ಗುತ್ತೆ. ಎಚ್‌ಡಿ 209458 ಎಂಬ ನಕ್ಷತ್ರಕ್ಕೆ ಓಲಾಟದಿಂದ ಗ್ರಹ ಗೊತ್ತಾಗಿತ್ತು. ಡೇವಿಡ್ ಶಾರ್ಬೊನೊ, ಟಿಮ್ ಬ್ರೌನ್ ಮತ್ತು ಸಂಗಡಿಗರು ಒಂದು ಕಡೆ, ಗ್ರೆಗ್ ಹೆನ್ರಿ ಮತ್ತವರ ತಂಡ ಇನ್ನೊಂದು ಕಡೆ, ಲೆಕ್ಕ ಹೇಳಿದ ಹೊತ್ತಿಗೇ ಸುಮಾರು ಒಂದೂವರೆ ಶೇಕಡಾ ಬೆಳಕು ತಗ್ಗಿದ್ದನ್ನು ಹಿಡಿದರು. ಶಾರ್ಬೊನೊ ತಂಡದ ಟೆಲಿಸ್ಕೋಪು ಬರೀ 10 ಸೆಂಟಿಮೀಟರಿನದು. ಇವತ್ತು ಹವ್ಯಾಸಿಗಳ ಮನೆ ಮಹಡಿಯ ಮೇಲೆ ಇರುತ್ತಲ್ಲ, ಅಷ್ಟು. ಓಲಾಟದಿಂದ ತೂಕ, ಸಂಕ್ರಮಣದಿಂದ ಗಾತ್ರ, ಎರಡೂ ಸೇರಿ ಸಾಂದ್ರತೆ. ಅದೊಂದು ಅನಿಲದ ಉಂಡೆ ಅಂತ ಮೊದಲ ಸಲ ಖಾತ್ರಿಯಾಯಿತು.

ಹಾಗಾದರೆ ಸುಲಭ ಆಯ್ತಲ್ಲ, ಬೆಳಕು ತಗ್ಗುವ ನಕ್ಷತ್ರಗಳನ್ನೇ ಹುಡುಕೋಣ ಅಂತ ಹೊರಟವರಿಗೆ ಹೊಸ ಗುಂಡಿ ಕಾದಿತ್ತು. ಚಿಲಿಯ ಲಾಸ್ ಕಂಪಾನಸ್‌ನಲ್ಲಿ ಪೋಲೆಂಡಿನ ಆಂಡ್ಜೆ ಉಡಾಲ್ಸ್ಕಿ ಅವರ ಓಗಲ್ ತಂಡ ಹೀಗೆ ಹುಡುಕಿ ಡಜನ್‌ಗಟ್ಟಲೆ ಅಭ್ಯರ್ಥಿಗಳ ಪಟ್ಟಿ ಕೊಟ್ಟಿತು. ಹವಾಯಿಯ ಕೆಕ್ ಟೆಲಿಸ್ಕೋಪಿನಲ್ಲಿ ವೇಗ ಅಳೆದ ಮೇಲೆ 2003ರಲ್ಲಿ ಅದರಲ್ಲೊಂದು ಗ್ರಹ ಅಂತ ಪಕ್ಕಾ ಆಯ್ತು. ಹಾಗೆ, ಮೊದಲು ಸಂಕ್ರಮಣದಲ್ಲಿ ಸಿಕ್ಕು ಆಮೇಲೆ ದೃಢಪಟ್ಟ ಮೊದಲ ಗ್ರಹ ಅದು. ಪಟ್ಟಿಯಲ್ಲಿದ್ದ ಬಹುತೇಕ ಉಳಿದವು ವೇಷ ಹಾಕಿದ ನಕ್ಷತ್ರಗಳು.

ವೇಷ ಹೇಗೆ ಅಂದರೆ, ಪುಟ್ಟ ಕೆಂಪು ನಕ್ಷತ್ರವೊಂದು ಗಾತ್ರದಲ್ಲಿ ಹೆಚ್ಚುಕಡಿಮೆ ಗುರುಗ್ರಹದಷ್ಟೇ ಇರಬಹುದು. ಕಂದು ಕುಬ್ಜವೂ ಅಷ್ಟೇ. ದೊಡ್ಡ ನಕ್ಷತ್ರದ ಮುಂದೆ ಹಾದುಹೋದರೆ ಮೂರೂ ಒಂದೇ ನೆರಳು. ಇನ್ನೊಂದು ವೇಷ ಇದಕ್ಕಿಂತ ಕುತಂತ್ರದ್ದು. ನೀವು ನೋಡ್ತಿರುವ ನಕ್ಷತ್ರದ ಹಿಂದೆ, ಬಹುದೂರದಲ್ಲಿ, ಅದರ ಐವತ್ತರಲ್ಲಿ ಒಂದು ಪಾಲು ಬೆಳಕಿನ ಜೋಡಿ ನಕ್ಷತ್ರ ಇದೆ ಅಂದುಕೊಳ್ಳಿ. ಅಲ್ಲಿ ಒಂದು ಇನ್ನೊಂದನ್ನು ಮರೆಮಾಡಿ ಅದರ ಬೆಳಕು ಅರ್ಧಕ್ಕೆ ಇಳಿಯಿತು. ಕ್ಯಾಮೆರಾಗೆ ಎರಡೂ ಒಂದೇ ಚುಕ್ಕಿಯಾಗಿ ಕಾಣ್ತಿದ್ದರೆ, ಒಟ್ಟು ಬೆಳಕು ಒಂದು ಶೇಕಡಾ ಇಳಿಯುತ್ತೆ. ಗುರುವಿನಂಥ ಗ್ರಹವೊಂದು ಸೂರ್ಯನಂಥ ನಕ್ಷತ್ರದ ಮುಂದೆ ಹಾದಾಗ ಇಳಿಯೋದೂ ಒಂದು ಶೇಕಡಾವೇ.

ಇದಕ್ಕೇ ಬಾಹ್ಯಾಕಾಶದಿಂದ ಬಂದ ಹೆಸರುಗಳಿಗೆ ಗ್ರಹ ಅನ್ನದೆ ಕ್ಯಾಂಡಿಡೇಟ್ ಅನ್ನೋದು. ಕೆಪ್ಲರ್ 2009ರಿಂದ, ಟೆಸ್ 2018ರಿಂದ ಕಳಿಸಿರುವ ಅಭ್ಯರ್ಥಿಗಳು ಸಾವಿರ ಸಾವಿರ. ರೆಸ್ಯೂಮೆ ಚೆನ್ನಾಗಿದೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಬಾಕಿ. ಟೆಸ್ ಆಕಾಶವನ್ನೆಲ್ಲ ಗುಡಿಸಬೇಕು, ಹಾಗಾಗಿ ಅದರ ಕ್ಯಾಮೆರಾದ ಒಂದೊಂದು ಪಿಕ್ಸೆಲ್ ಆಕಾಶದಲ್ಲಿ 21 ಆರ್ಕ್‌ಸೆಕೆಂಡ್ ಅಗಲ. ಕೆಪ್ಲರಿನದು ನಾಲ್ಕೇ ಇತ್ತು. ಟೆಸ್‌ನ ಒಂದು ಪಿಕ್ಸೆಲಿನಲ್ಲಿ ಹಲವು ನಕ್ಷತ್ರ ಬಾಡಿಗೆಗಿರಬಹುದು. ಕರೆಂಟು ಹೋಗಿದ್ದು ಯಾರ ಮನೆಯಲ್ಲಿ ಅಂತ ಮೇಲಿನಿಂದ ಗೊತ್ತಾಗಲ್ಲ.

ನೆಲದ ಟೆಲಿಸ್ಕೋಪುಗಳ ಕೆಲಸ ಇಲ್ಲಿ ಶುರು. ಮುಂದಿನ ಸಂಕ್ರಮಣ ಯಾವಾಗ ಅಂತ ಲೆಕ್ಕ ಹಾಕಿ, ಆ ರಾತ್ರಿ ಅದು ಕಾಣುವ ದೇಶದಲ್ಲಿ ಒಂದು ಮೀಟರಿನ ಆಸುಪಾಸಿನ ಟೆಲಿಸ್ಕೋಪು ತಿರುಗಿಸಿ, ಅಕ್ಕಪಕ್ಕದ ನಕ್ಷತ್ರಗಳನ್ನೆಲ್ಲ ಬಿಡಿಬಿಡಿಯಾಗಿ ನೋಡ್ತಾರೆ. ತಗ್ಗಿದ್ದು ಪಕ್ಕದ ಮನೆಯದಾದರೆ ಅಭ್ಯರ್ಥಿ ಅಲ್ಲೇ ಔಟ್. ಉಳಿದವಕ್ಕೆ ಸ್ಪೆಕ್ಟ್ರೋಗ್ರಾಫಿನಲ್ಲಿ ಎರಡು ಮೂರು ಸಲ ಒರಟು ಅಳತೆ. ವೇಗ ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ಬದಲಾದರೆ ಎಳೀತಿರೋದು ಇನ್ನೊಂದು ನಕ್ಷತ್ರ. ಅಲ್ಲೂ ಪಾಸಾದರೆ ದೊಡ್ಡ ಟೆಲಿಸ್ಕೋಪಿನಲ್ಲಿ, ಗಾಳಿಯ ಕಂಪನ ಕಳೆದು, ತೀರಾ ಮಗ್ಗುಲಲ್ಲಿ ಯಾರಾದರೂ ಅಡಗಿದ್ದಾರಾ ಅಂತ ಫೋಟೋ. ಎಲ್ಲಕ್ಕೂ ಕೊನೆಗೆ ತಿಂಗಳುಗಟ್ಟಲೆ ಸೂಕ್ಷ್ಮ ವೇಗದ ಅಳತೆ, ತೂಕ ಹಿಡಿಯೋಕೆ. ಒಂದೊಂದು ಸುತ್ತಿನಲ್ಲೂ ಹಳಬರ ಮುಖ ಕಾಣುತ್ತೆ: ಬೇರೆ ಟೆಲಿಸ್ಕೋಪಿನಿಂದ ನೋಡು ಅನ್ನೋದು ವಾನ್ ಡೆ ಕಾಂಪ್, ಗೆರೆಯ ಆಕಾರ ನೋಡು ಅನ್ನೋದು ಗ್ರೇ, ಭೂಮಿಯ ಓಟ ಸರಿಯಾಗಿ ಕಳೆದೆಯಾ ಅನ್ನೋದು ಲೈನ್.

ಕೆಪ್ಲರ್ ನೋಡಿದ ನಕ್ಷತ್ರಗಳಲ್ಲಿ ಬಹಳಷ್ಟು ತೀರಾ ಮಂಕು, ನೆಲದಿಂದ ವೇಗ ಅಳೆಯೋದೇ ಕಷ್ಟ. ಅಂಥ ಕಡೆ ಇದು ನಕ್ಷತ್ರವಾಗಿರುವ ಸಂಭವ ಎಷ್ಟು ಕಡಿಮೆ ಅಂತ ಲೆಕ್ಕ ಹಾಕಿ ಪಾಸು ಮಾಡುವ ಪದ್ಧತಿ ಬಂತು. 2014ರಲ್ಲಿ ಒಂದೇ ಏಟಿಗೆ 715, 2016ರಲ್ಲಿ 1,284 ಗ್ರಹ ಘೋಷಣೆಯಾದದ್ದು ಹೀಗೆ. ಲೆಕ್ಕ ತಪ್ಪೇನಲ್ಲ. ಆದರೂ ತೂಕ ಹಾಕದ ಗ್ರಹದ ಬಗ್ಗೆ ನನಗೆ ಒಳಗೊಳಗೇ ಸ್ವಲ್ಪ ಅನುಮಾನ. 2022ರಲ್ಲಿ ಎಂಐಟಿಯ ತಂಡವೊಂದು ಹಾಗೆ ಪಾಸಾಗಿದ್ದ ಮೂರನ್ನು, ಕೆಪ್ಲರ್-854ಬಿ, 840ಬಿ, 699ಬಿ, ಮತ್ತೆ ಪರೀಕ್ಷಿಸಿತು. ಆ ನಕ್ಷತ್ರಗಳ ಗಾತ್ರ ಗಯಾ ಉಪಗ್ರಹದಿಂದ ಈಗ ಸರಿಯಾಗಿ ಗೊತ್ತಾಗಿತ್ತು. ಮೂರೂ ಗ್ರಹವಾಗೋಕೆ ತೀರಾ ದೊಡ್ಡವು, ಬಹುಶಃ ಪುಟ್ಟ ನಕ್ಷತ್ರಗಳು.

ನಮ್ಮ ದೇಶದಲ್ಲಿ ಈ ವೆರಿಫಿಕೇಶನ್ ಕೆಲಸ ಗಟ್ಟಿಯಾಗಿ ನಡೆದದ್ದು ರಾಜಸ್ಥಾನದ ಮೌಂಟ್ ಅಬುವಿನಲ್ಲಿ. ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯದು ಅಲ್ಲಿನ ಗುರುಶಿಖರದಲ್ಲಿ 1.2 ಮೀಟರಿನ ಟೆಲಿಸ್ಕೋಪು. ಜಗತ್ತಿನ ಲೆಕ್ಕದಲ್ಲಿ ತೀರಾ ಚಿಕ್ಕದು. ಮಳೆಗಾಲ ಬಂತೆಂದರೆ ನಕ್ಷತ್ರವೂ ಇಲ್ಲ, ಗ್ರಹವೂ ಇಲ್ಲ. ಅಭಿಜಿತ್ ಚಕ್ರವರ್ತಿ ಅವರ ತಂಡ ಅದಕ್ಕೆ ಪಾರಸ್ ಎಂಬ ಸ್ಪೆಕ್ಟ್ರೋಗ್ರಾಫ್ ಜೋಡಿಸಿತು. ಕೆಪ್ಲರ್ ತನ್ನ ಎರಡನೇ ಇನ್ನಿಂಗ್ಸಿನಲ್ಲಿ ಕಳಿಸಿದ್ದ ಒಬ್ಬ ಅಭ್ಯರ್ಥಿಯನ್ನು ಹಿಡಿದು, 2018ರಲ್ಲಿ ತೂಕ ಹೇಳಿತು: ಭೂಮಿಯ ಸುಮಾರು 27 ಪಟ್ಟು. ಗಾತ್ರ ಭೂಮಿಯ ಆರು ಪಟ್ಟು, ಅಲ್ಲಿನ ವರ್ಷ ಹತ್ತೊಂಬತ್ತೂವರೆ ದಿನ. ಈಗ ಅಲ್ಲೇ 2.5 ಮೀಟರಿನ ಹೊಸ ಟೆಲಿಸ್ಕೋಪು, ಪಾರಸ್-2 ಬಂದಿವೆ. 2024ರಲ್ಲಿ ಅದರಿಂದ ಟಿಓಐ-6651ಬಿ ಗ್ರಹ ಪಕ್ಕಾ ಆಯ್ತು. ಐದು ದಿನದ ವರ್ಷ, ಭೂಮಿಯ ಐದು ಪಟ್ಟು ಗಾತ್ರ, ತೂಕ ಅರವತ್ತು ಪಟ್ಟು. ನೆಪ್ಚೂನ್‌ನಷ್ಟು ದೊಡ್ಡ ಗ್ರಹಗಳು ನಕ್ಷತ್ರಕ್ಕೆ ಅಷ್ಟು ಹತ್ತಿರ ಸಿಗೋದು ಅಪರೂಪ.

ಕೋರಮಂಗಲದವರ ಪಾಲೂ ಇದೆ. ಗ್ರಹ ದೃಢಪಟ್ಟ ಮೇಲೂ ಕೆಲಸ ಮುಗಿಯಲ್ಲ, ಅದರ ಟೈಮ್‌ಟೇಬಲ್ ಹಳಸುತ್ತಾ ಹೋಗುತ್ತೆ. ಮೂರು ದಿನದ ಅವಧಿಯಲ್ಲಿ ಒಂದೇ ನಿಮಿಷ ತಪ್ಪಿದ್ದರೂ ಎರಡು ವರ್ಷದಲ್ಲಿ ಸಂಕ್ರಮಣದ ಹೊತ್ತು ನಾಲ್ಕು ಗಂಟೆ ಆಚೀಚೆ ಆಗಿರುತ್ತೆ. ಹಾಗಾಗಿ ಯಾರಾದರೂ ಆಗಾಗ ನೋಡ್ತಾ ಇರಬೇಕು. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದ ಚಂದ್ರ ಟೆಲಿಸ್ಕೋಪನ್ನು ನಮ್ಮ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸ್ತಾರೆ. ಅದನ್ನೂ ತಮಿಳುನಾಡಿನ ಕಾವಲೂರಿನ 1.3 ಮೀಟರ್ ಟೆಲಿಸ್ಕೋಪನ್ನೂ ಬಳಸಿ ಆಸ್ಟ್ರೋಫಿಸಿಕ್ಸ್ ಸಂಸ್ಥೆಯವರು ಐದು ಗ್ರಹಗಳ ಸಂಕ್ರಮಣವನ್ನು ಮತ್ತೆ ಅಳೆದು 2019ರಲ್ಲಿ ಪ್ರಕಟಿಸಿದರು. ಆ ಕಾವಲೂರಿನ ಟೆಲಿಸ್ಕೋಪಿಗೆ ಜೆ. ಸಿ. ಭಟ್ಟಾಚಾರ್ಯ ಅವರ ಹೆಸರಿದೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾಯುವುದಿತ್ತು. ಅದನ್ನು ನೋಡಲು ಕಾವಲೂರಿನಲ್ಲಿ ಅವರು ಕಾದಿದ್ದಾಗ ಗ್ರಹ ಬರುವ ಮುಂಚೆಯೇ ಬೆಳಕು ಒಮ್ಮೆ ತಗ್ಗಿತು. ಹೊಸ ಉಪಗ್ರಹ ಅಂತ ಅವರೂ ಕುಪ್ಪುಸ್ವಾಮಿ ಅವರೂ ನೇಚರ್‌ನಲ್ಲಿ ಬರೆದರು. ವಿಮಾನದಿಂದ ನೋಡಿದ ಅಮೆರಿಕನ್ನರಿಗೆ ಗ್ರಹದ ಎರಡೂ ಬದಿಯಲ್ಲಿ ಒಂದೇ ಥರ ತಗ್ಗಿದ್ದು ಸಿಕ್ಕಿತ್ತು. ಅದು ಉಂಗುರ. ಕಾವಲೂರಿನ ಅಳತೆ ನಿಜವೇ, ಹೆಸರಿಟ್ಟಿದ್ದು ಮಾತ್ರ ಬೇರೆ.

2025ರ ಸೆಪ್ಟೆಂಬರ್‌ನಲ್ಲಿ ದೃಢಪಟ್ಟ ಹೊರಗ್ರಹಗಳ ಎಣಿಕೆ 6,000 ಮುಟ್ಟಿತು. ಅದರಲ್ಲಿ ನಾಲ್ಕರ ಬಗ್ಗೆ ಹೇಳಿ ನಿಲ್ಲಿಸ್ತೀನಿ.

ಬರ್ನಾರ್ಡ್ ನಕ್ಷತ್ರವನ್ನು ಜನ ಬಿಡಲಿಲ್ಲ. 2018ರಲ್ಲಿ 233 ದಿನಕ್ಕೊಮ್ಮೆ ಸುತ್ತುವ ಗ್ರಹ ಇದೆ ಅಂತ ದೊಡ್ಡ ಸುದ್ದಿಯಾಯ್ತು, 2021ರಲ್ಲಿ ಅದೂ ನಕ್ಷತ್ರದ್ದೇ ಆಟ ಅಂತ ಬಿದ್ದುಹೋಯ್ತು. 2024ರ ಅಕ್ಟೋಬರ್‌ನಲ್ಲಿ ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪಿನ ಎಸ್ಪ್ರೆಸೊ ಎಂಬ ಸ್ಪೆಕ್ಟ್ರೋಗ್ರಾಫ್‌ನಿಂದ, ಸೆಕೆಂಡಿಗೆ ಅರ್ಧ ಮೀಟರಿನಷ್ಟು ಓಲಾಟ ಹಿಡಿದು, ಒಂದು ಗ್ರಹ ಪ್ರಕಟಿಸಿದರು. ಜೊತೆಗೆ ಇನ್ನೂ ಮೂರು ಅಭ್ಯರ್ಥಿಗಳು. ಅವರು ಅಲ್ಲಿಗೇ ನಿಂತರು, ನಾಲ್ಕು ಅನ್ನಲಿಲ್ಲ. ಹವಾಯಿಯ ಜೆಮಿನಿ ನಾರ್ತ್ ಟೆಲಿಸ್ಕೋಪಿನಲ್ಲಿ ಬೇರೊಂದು ತಂಡ, ಬೇರೊಂದು ಉಪಕರಣದಿಂದ ಅದೇ ನಕ್ಷತ್ರವನ್ನು ನೋಡ್ತಿತ್ತು. ಎರಡೂ ಅಳತೆ ಸೇರಿಸಿ 2025ರ ಮಾರ್ಚ್‌ನಲ್ಲಿ ನಾಲ್ಕೂ ಪಕ್ಕಾ ಆದವು. ನಾಲ್ಕೂ ಭೂಮಿಗಿಂತ ಹಗುರ. ತೀರಾ ದೂರದ್ದು ಕೂಡ ಏಳು ದಿನದೊಳಗೆ ಒಂದು ಸುತ್ತು ಮುಗಿಸುತ್ತೆ. ವಾನ್ ಡೆ ಕಾಂಪ್ ಕಂಡಿದ್ದ, 24 ವರ್ಷಕ್ಕೊಮ್ಮೆ ಸುತ್ತುವ ದೊಡ್ಡ ಗ್ರಹ ಅವುಗಳ ಪೈಕಿ ಇಲ್ಲ.